ಗಾಜಿನ ಪೆಟ್ಟಿಗೆಯ ಹಾಲುಹಲ್ಲು

ಮೊನ್ನೆ ಬಡಗಿ ನಮ್ಮ ಪಡಸಾಲೆಯಲ್ಲಿ ಕೂತು ತೊಟ್ಟಿಲಿಗೆ ಪಾಲಿಶ್ ಹಚ್ಚುತ್ತಿದ್ದ. ಮೊಮ್ಮಗಳ ಬಾಣಂತನಕ್ಕೆಂದು ಅಟ್ಟದಿಂದ ಇಳಿಸಿದ ಹಳೆಯ ತೊಟ್ಟಿಲು. ನಾನು ಅಡುಗೆಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಆ ವಾಸನೆ ಬಾಗಿಲು ದಾಟಿ ಬಂದು ಮೂಗಿಗೆ ಬಡಿಯಿತು ನೋಡಿ, ಮೊರ ಕೈಯಿಂದ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಎಪ್ಪತ್ತು ದಾಟಿದ ಮುದುಕಿ, ಗಂಡನನ್ನು ಕಳಿಸಿಕೊಟ್ಟವಳು, ಇನ್ನು ನನಗೆ ಹೆದರುವುದಕ್ಕೆ ಏನು ಉಳಿದಿದೆ ಅಂದುಕೊಂಡಿದ್ದೆ. ಉಳಿದಿತ್ತು.

"ಏ ತಮ್ಮಾ, ಅದನ್ನ ಮೊದಲ ಹೊರಗ ಒಯ್ಯಿ! ಕೂಸು ಮಲಗೂ ಜಾಗಾಕ್ಕ ಅಂಥಾದ್ದನ್ನ ಹಚ್ಚತಾರೇನು?" ಎಂದು ಕೂಗಿದೆ.

ಬಡಗಿ ಕಂಗಾಲಾದ. "ಅಮ್ಮಾರ, ಎಲ್ಲಾ ತೊಟ್ಟಲಕ್ಕೂ ಇದನ್ನ ಹಚ್ಚೂದ್ರಿ. ವಾಸನಿ ನಾಳಿಗೆ ಹೋಗತೈತಿ."

"ಹೋಗೂದಿಲ್ಲ. ಇಷ್ಟು ವರ್ಷ ಆತು, ಇನ್ನೂ ಹೋಗಿಲ್ಲ."

ಮಗಳು ಒಳಗಿನಿಂದ ಬಂದು, "ಅವ್ವಾ, ಪಾಪ, ಅವಗ್ಯಾಕ ಒದರತಿ?" ಎಂದು ನನ್ನನ್ನೇ ಬೈದಳು. ಬೈಯಲಿ. ಆ ವಾಸನೆಯ ಕಾಲದಲ್ಲಿ ಅವಳು ನನ್ನ ಹೊಟ್ಟೆಯೊಳಗಿದ್ದಳು. ಅವಳಿಗೇನು ಗೊತ್ತು.

ಬ್ರಿಟಿಷರ ಕಾಲದ, ಇಪ್ಪತ್ತರ ದಶಕದ ಮಾತು ಇದು. ಇಸವಿ ಹೇಳು ಎಂದರೆ ನನಗೆ ಬಾರದು. ಬೇಸಗೆ ಮುಗಿಯುತ್ತ ಬಂದು, ಖಾನಾಪುರದ ಕಡೆಯ ಮಳೆ ಇನ್ನೂ ಹಿಡಿಯದೆ, ಗಾಳಿ ಮಾತ್ರ ಪಡುವಣದಿಂದ ಧೂಳೆಬ್ಬಿಸುತ್ತಿದ್ದ ದಿನಗಳು ಎಂದಷ್ಟೇ ಬಲ್ಲೆ.

ನನ್ನ ತವರು ಶಹಾಪುರ. ಓಣಿಯ ತುಂಬ ಮಗ್ಗದ ಸದ್ದು. ಮಗ್ಗ ನಿಂತವೆಂದರೆ ಯಾರೋ ಹೋದರು ಎಂದು ತಿಳಿದುಕೊಳ್ಳಬೇಕು, ಅಂಥ ಓಣಿ. ನಾವು ಜೈನರು, ಸೀರೆ ವ್ಯಾಪಾರದವರು. ನನ್ನನ್ನು ಕೊಟ್ಟದ್ದು ಬೆಳಗಾವಿಯ ಜೈನರ ಮನೆಗೇ. ಗಂಡನ ಹೆಸರು ಜಿನ್ನಪ್ಪ. ಆಗ ಆ ಹೆಸರನ್ನು ಬಾಯಲ್ಲಿ ಎತ್ತುತ್ತಿರಲಿಲ್ಲ, ಈಗ ಎತ್ತಿದರೆ ಕೇಳುವವರಿಲ್ಲ. ಇಂಗ್ಲಿಷ್ ಶಾಲೆ ಕಲಿತವರು. ಆದರೆ ಅಂಗಡಿಯಲ್ಲಿ ಕೂತರೆ ಗಿರಾಕಿಗೆ ಸೀರೆ ತೋರಿಸುವುದು ಬಿಟ್ಟು ಕಿಟಕಿಯಾಚೆ ನೋಡುವ ಮನುಷ್ಯ.

ಖಾನಾಪುರದ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ರೈಲು ಹಳಿಗೆ ಹಾಸಲು ಗರಸು ಅಗೆಯುತ್ತಿದ್ದರು. ಆ ಗುಂಡಿಯಲ್ಲಿ ಕೊಡಲಿಯ ಆಕಾರಕ್ಕೆ ಕೆತ್ತಿದ ಕಲ್ಲುಗಳು ಸಿಕ್ಕಿದವು. ಒಬ್ಬ ಬಿಳಿಯ ಸಾಹೇಬರು ಬಂದು ನೋಡಿ, ಇದು ಬಹಳ ಹಿಂದಿನ ಮನುಷ್ಯರು ಬದುಕಿದ್ದ ಜಾಗ, ಊರು ಕೇರಿ ದೇವರು ದಿಂಡರು ಯಾವುದೂ ಇಲ್ಲದ ಕಾಲದವರು ಎಂದರಂತೆ. ಗುಂಡಿಯ ಪಕ್ಕದಲ್ಲೇ ಇದ್ದ ಹೆಂಚಿನ ಗೋದಾಮನ್ನು ಗುಡಿಸಿ, ಗಾಜಿನ ಪೆಟ್ಟಿಗೆಗಳನ್ನು ತರಿಸಿ, ಅದಕ್ಕೆ ಮ್ಯೂಜಿಯಂ ಎಂದು ಹೆಸರಿಟ್ಟರು. ನೋಡಿಕೊಳ್ಳಲಿಕ್ಕೆ, ಬಂದವರಿಗೆ ತೋರಿಸಲಿಕ್ಕೆ ನಮ್ಮವರನ್ನು ಇಟ್ಟುಕೊಂಡರು. ಗೋದಾಮಿನ ಹಿಂಭಾಗವೇ ನಮ್ಮ ಬಿಡಾರ. ನಡುವೆ ಒಂದು ಗೋಡೆ, ಅದೂ ಹೆಂಚಿನವರೆಗೆ ಮುಟ್ಟದ ಗೋಡೆ. ಅತ್ತ ಕೆಮ್ಮಿದರೆ ಇತ್ತ ಕೇಳುತ್ತಿತ್ತು.

ಸುತ್ತಲಿನವರು ಮ್ಯೂಜಿಯಂ ಗಿಜಿಯಂ ಎನ್ನಲಿಲ್ಲ. ಎಲುಬಿನ ಮನೆ ಎಂದರು. ನಮ್ಮವರಿಗೆ ಸಿಟ್ಟು. "ಎಲುಬು ಎಲ್ಲೈತಿ? ಬರೇ ಕಲ್ಲು ಅದಾವ," ಎನ್ನುತ್ತಿದ್ದರು. ಆ ಮಾತು ಚಳಿಗಾಲದವರೆಗೆ ಖರೆಯೇ ಆಗಿತ್ತು. ಆಮೇಲೆ ಗುಂಡಿಯಲ್ಲಿ ಅದು ಸಿಕ್ಕಿತು.

ಒಂದು ದವಡೆ. ನನ್ನ ಅಂಗೈಗಿಂತ ಚಿಕ್ಕದು. ಸಾಹೇಬರು ಬಂದಾಗ ಇವರಿಗೆ ಮಜ್ಜಿಗೆ ಕೊಡಲು ಹೋದವಳು ಮೊದಲು ನೋಡಿದೆ. ಇಬ್ಬರೂ ಮೇಜಿನ ಮೇಲೆ ಬಗ್ಗಿದ್ದರು. ಸಣ್ಣ ಕುಂಚದಿಂದ ಅರಗಿನ ನೀರು ಹಚ್ಚುತ್ತಿದ್ದರು, ಇಲ್ಲದಿದ್ದರೆ ಪುಡಿಯಾಗುತ್ತದಂತೆ. ಸಾಹೇಬರು ಕಡ್ಡಿಯಿಂದ ತೋರಿಸಿ ಏನೋ ಹೇಳಿದರು. ಇವರು ನನಗೆ ತಿಳಿಸಿ ಹೇಳಿದರು, ಅದೂ ಎಷ್ಟು ಸಂತೋಷದಿಂದ: "ನೋಡಿಲ್ಲೆ, ಸಣ್ಣ ಕೂಸಿಂದು ಇದು. ಇವು ಹಾಲುಹಲ್ಲು. ಈ ಹಲ್ಲಿನ ಕೆಳಗ ಹೊಸಾ ಹಲ್ಲು ಮೂಡಾಕತ್ತಿತ್ತು, ಕಾಣತೈತೇನು? ಇನ್ನೇನು ಬೀಳೂದ್ರಾಗ ಇತ್ತು."

ಕಾಣಿಸಿತು. ಹಳೆಯ ಹಲ್ಲಿನ ಬುಡದಲ್ಲಿ ಹೊಸದು ಇಣುಕುತ್ತಿತ್ತು. ಮಜ್ಜಿಗೆಯ ತಂಬಿಗೆ ಅಲ್ಲೇ ಇಟ್ಟು ಬಂದುಬಿಟ್ಟೆ.

ನನ್ನ ಹೆದರಿಕೆ ಏನೆಂದು ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ನಾನು ಎರಡು ಹೆತ್ತಿದ್ದೆ. ಮೊದಲನೆಯದು ಉಸಿರೆತ್ತದೆ ಹುಟ್ಟಿತು. ಎರಡನೆಯದು ಹೆಣ್ಣು, ಹೆಸರಿಡುವ ಮೊದಲೇ ಹೋಯಿತು. ಎರಡನ್ನೂ ಗಂಡಸರು ಅರಿವೆಯಲ್ಲಿ ಸುತ್ತಿಕೊಂಡು ಒಯ್ದರು. ಎಲ್ಲಿ ಹೂತರು ಎಂದು ನನಗೆ ಯಾರೂ ಹೇಳಲಿಲ್ಲ, ತಾಯಿಗೆ ಹೇಳಬಾರದಂತೆ. ಈಗ ಮೂರನೆಯದು ಹೊಟ್ಟೆಯಲ್ಲಿತ್ತು. ಬೇಸಗೆಯ ಹೊತ್ತಿಗೆ ಕಾಲು ಬಾತವು, ಒಮ್ಮೆ ರಕ್ತ ಕಾಣಿಸಿಕೊಂಡಿತು. ಪಕ್ಕದ ಕುಂಬಾರರ ಮನೆಯ ಗಂಗವ್ವ ಆ ಕಡೆಗೆಲ್ಲ ಸೂಲಗಿತ್ತಿ. ಅವಳು ಬಂದು ಹೊಟ್ಟೆ ಮುಟ್ಟಿ ನೋಡಿ, "ಅಗಬಾಯಿ! ಬಂಡಿ ಬ್ಯಾಡ, ರೈಲು ಬ್ಯಾಡ. ಬೆಳಗಾವಿಗೆ ಹೋಗೂ ಮಾತು ತಗೀಬ್ಯಾಡ. ಇಲ್ಲೇ ಬಿದ್ಕೊಂಡಿರು," ಎಂದಳು.

ಬಿದ್ದುಕೊಂಡೆ. ಎಲ್ಲಿ? ಆ ಗೋಡೆಯ ಪಕ್ಕದಲ್ಲಿ.

ಇವರು ಗುಂಡಿಯ ಕಡೆ ಹೋದ ಮೇಲೆ ಮಧ್ಯಾಹ್ನಗಳು ಬರುತ್ತಿದ್ದವಲ್ಲ, ಅವೇ ಕೆಟ್ಟವು. ಹೆಂಚು ಕಾದು ಚಟ್ ಚಟ್ ಎನ್ನುವುದು. ನನಗೆ ಹಲ್ಲು ಕಡಿದ ಹಾಗೆ ಕೇಳುವುದು. ಅರಗಿನ ವಾಸನೆ ಗೋಡೆಯ ಮೇಲಿನಿಂದ ಇಳಿದು ಹಾಸಿಗೆಗೆ ಬರುವುದು. ವಾಸನೆ ಬಂತೆಂದರೆ ಹೊಟ್ಟೆಯೊಳಗಿನದು ಅಲ್ಲಾಡುವುದನ್ನು ನಿಲ್ಲಿಸಿಬಿಡುತ್ತಿತ್ತು. ಖರೆ ಹೇಳುತ್ತೇನೆ, ನಿಲ್ಲಿಸುತ್ತಿತ್ತು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, "ಒದಿಯೋ ತಂದೆ, ಒಮ್ಮೆ ಒದಿ," ಎಂದು ಬೇಡಿಕೊಳ್ಳುತ್ತಿದ್ದೆ. ಗೋಡೆಯಾಚೆ ಒಂದು ಮಗು ಯಾವ ಕಾಲದಿಂದಲೋ ಒಂಟಿಯಾಗಿ ಕೂತಿದೆ, ಅದಕ್ಕೆ ಜೊತೆ ಬೇಕು, ನನ್ನದನ್ನು ಕರೆಯುತ್ತಿದೆ ಎಂದು ಅನ್ನಿಸಿತು. ಒಮ್ಮೆ ಅನ್ನಿಸಿದ ಮೇಲೆ ಅದು ತಲೆಯಿಂದ ಹೋಗಲಿಲ್ಲ.

ಇವರಿಗೆ ಹೇಳಿದರೆ ನಗುತ್ತಿದ್ದರು. "ಹುಚ್ಚಿ, ಅದು ಸತ್ತಾಗ ನಿನ್ನ ಮುತ್ತಜ್ಜನ ಮುತ್ತಜ್ಜನೂ ಹುಟ್ಟಿರಲಿಲ್ಲ," ಎಂದರು. ಅದರಿಂದ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನನ್ನನ್ನು ನೋಡಿಕೊಳ್ಳಲು ಬೆಳಗಾವಿಯಿಂದ ಅತ್ತೆ ಬಂದರು. ಗುಣವ್ವ ಎಂದು ಹೆಸರು, ಹೆಸರಿನಷ್ಟು ಸೌಮ್ಯ ಅಲ್ಲ. ನೀರನ್ನು ಎರಡು ಮಡಿಕೆ ಅರಿವೆಯಲ್ಲಿ ಸೋಸದೆ ಬಾಯಿಗೆ ಹಾಕಿದವರಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟಿದವರಲ್ಲ. ಅವರಿಗೆ ಮಗ ಏನು ಹೇಳಿದ್ದರೆಂದರೆ, ಖಾನಾಪುರದಲ್ಲಿ ಕಲ್ಲಿನ ಕಚೇರಿಯಲ್ಲಿ ಕೆಲಸ ಎಂದು. ಬಂದ ದಿನವೇ ಮೂಗು ಅರಳಿಸಿ, "ಇದೇನ ವಾಸನಿ?" ಎಂದು ಗೋಡೆ ಸುತ್ತಿಕೊಂಡು ಆಚೆ ಹೋದರು. ನನಗೆ ಇಲ್ಲಿಂದಲೇ ಕೇಳಿಸಿತು.

"ಜಿನ್ನಪ್ಪಾ, ಇದೇನೋ ಇದು?"

"ಕಲ್ಲು ಅವ್ವಾ."

"ಕಲ್ಲಿಗೆ ಹಾಲುಹಲ್ಲು ಬರತಾವೇನೋ?"

"ಒಂದ ಕಾಲಕ್ಕ ಎಲುಬಿತ್ತು. ಮಣ್ಣಾಗ ಕುಂತು ಕುಂತು ಈಗ ಕಲ್ಲಾಗೈತಿ. ಮುಟ್ಟಿ ನೋಡು ಬೇಕಾದ್ರ."

ಅವರು ಮುಟ್ಟಲಿಲ್ಲ. ಬೈದಾಡುತ್ತ ಬರುತ್ತಾರೆ ಎಂದು ನಾನು ಕಾದರೆ, ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಒಲೆಯ ಮುಂದೆ ಕೂತರು. ನಮ್ಮವರಿಗಿಂತ ಮೊದಲು ಅವರಿಗೊಬ್ಬ ಮಗಳಿದ್ದಳು, ಹಲ್ಲು ಬೀಳುವ ವಯಸ್ಸಿಗೆ ಜ್ವರ ಬಂದು ಹೋದಳು. ಅದು ನನಗೆ ಗೊತ್ತಿತ್ತು, ಹಾಸಿಗೆ ಹಿಡಿದ ಬೇಸರದಲ್ಲಿ ಗಂಗವ್ವನಿಗೂ ಹೇಳಿದ್ದೆ. ಅವರು ಎಂದೂ ಅದರ ಮಾತು ಎತ್ತಿದವರಲ್ಲ, ಅಂದೂ ಎತ್ತಲಿಲ್ಲ. "ಎಲುಬು ಇರೂ ಮನ್ಯಾಗ ಬಸರಿ ಹೆಂಗಸನ್ನ ಇಟ್ಟಾನಲ್ಲ, ಇವಗ ಬುದ್ಧಿ ಎಲ್ಲೈತಿ," ಎಂದಷ್ಟೇ ಒಲೆಗೆ ಹೇಳಿದರು. ಗಟ್ಟಿ ಹೆಂಗಸು, ಅವರೂ ಹೆದರಿದ್ದಾರೆ ಎಂದು ಗೊತ್ತಾಗಿ ನಾನು ಇನ್ನಷ್ಟು ಹೆದರಿದೆ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ದಿಗಂಬರ ಮುನಿಗಳೊಬ್ಬರು ಮಳೆಗಾಲ ಕೂಡುವುದರೊಳಗೆ ಬೆಳಗಾವಿ ಸೇರಲು ನಡೆದು ಬರುತ್ತಿದ್ದಾರೆ, ಖಾನಾಪುರದಲ್ಲಿ ಒಂದು ದಿನ ಆಹಾರ ತೆಗೆದುಕೊಳ್ಳುತ್ತಾರೆ ಎಂದು. ಜೈನರ ಮನೆಗಳು ಅಲ್ಲಿ ಇದ್ದದ್ದೇ ಕೆಲವು. ಎಲ್ಲರೂ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುತ್ತಾರೆ, ಮುನಿಗಳು ಮನಸ್ಸಿನಲ್ಲಿ ಏನು ನೇಮ ಮಾಡಿಕೊಂಡಿರುತ್ತಾರೋ ಅದು ಕೂಡಿಬಂದ ಮನೆಯ ಮುಂದೆ ನಿಲ್ಲುತ್ತಾರೆ.

ಅತ್ತೆ ಪಟ್ಟು ಹಿಡಿದುಬಿಟ್ಟರು. "ಅವರ ಕೈಯಾಗ ನಮ್ಮ ಮನಿ ತುತ್ತು ಬಿತ್ತಂದ್ರ ಈ ಕೂಸು ಉಳೀತೈತಿ. ನಾವೂ ಬಾಗಲದಾಗ ನಿಂದ್ರೂಣು."

"ಇಲ್ಲೆ ಹ್ಯಾಂಗ ಕರೀತಿ ಅವ್ವಾ? ಗ್ವಾಡಿ ಆಚೆ ಅದು ಐತಿ," ಎಂದರು ಇವರು. ತಾಯಿಯ ಎದುರು ಕಲ್ಲು ಕಲ್ಲು ಎನ್ನುವುದನ್ನು ಆಗಲೇ ಬಿಟ್ಟಿದ್ದರು.

"ಅದರ ಚಿಂತಿ ನನಗಿರಲಿ. ನೀ ಸುಮ್ಮ ಧೋತ್ರ ತೊಳಕೋ."

ತಿಳಿಯದವರಿಗೆ ಹೇಳುತ್ತೇನೆ. ಮುನಿಗಳು ದಿನಕ್ಕೆ ಒಮ್ಮೆ ಮಾತ್ರ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಉಣ್ಣುವವರು. ಉಣ್ಣುವ ಮೊದಲು ಮನೆಯವರು ತಮ್ಮ ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಅನ್ನ ನೀರು ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಊಟದ ಹೊತ್ತಿನಲ್ಲಿ ಎಲುಬು ಕಂಡರೆ, ಅಳುವ ದನಿ ಕೇಳಿದರೆ, ಶುದ್ಧದ ಬಗ್ಗೆ ಒಂದು ಸಂಶಯ ಹುಟ್ಟಿದರೂ ಬೊಗಸೆ ಬಿಟ್ಟುಬಿಡುತ್ತಾರೆ. ಅದಕ್ಕೆ ಅಂತರಾಯ ಎನ್ನುತ್ತೇವೆ. ಆಮೇಲೆ ಮರುದಿನದವರೆಗೆ ಹನಿ ನೀರೂ ಇಲ್ಲ, ಎಂಥ ಬಿಸಿಲಿರಲಿ. ಅಂತರಾಯವಾದ ಮನೆಯವರ ಗತಿ ಏನೆಂದು ನಾನು ಶಹಾಪುರದಲ್ಲಿ ನೋಡಿದ್ದೆ. ಬಾಗಿಲು ಹಾಕಿಕೊಂಡು ಅಳುತ್ತಾರೆ.

ಆ ದಿನ ಬಂತು. ಅದೇ ದಿನ ಮಧ್ಯಾಹ್ನದ ರೈಲಿಗೆ ಸಾಹೇಬರೂ ಬರುವವರಿದ್ದರು, ಜೊತೆಗೆ ಮುಂಬಯಿಯಿಂದ ಯಾರೋ ದೊಡ್ಡವರು ದವಡೆಯನ್ನೇ ನೋಡಲು ಬರುವವರು. ಇವರು ಹಿಂದಿನ ದಿನವೇ ಗಾಜು ಒರೆಸಿ, ಪೆಟ್ಟಿಗೆಗಳ ಮೇಲೆ ಅರಿವೆ ಹೊದಿಸಿ, ಬೀಗ ಹಾಕಿದ್ದರು. ಬೆಳಗ್ಗೆ ಕೊಠಡಿಯ ಕಡೆ ಹೋಗಲೇ ಇಲ್ಲ. ಅತ್ತೆ ನಸುಕಿನಲ್ಲೇ ಎದ್ದು ಬಾವಿಯಿಂದ ನೀರು ಸೇದಿ, ಸೋಸಿ, ಕಾಯಿಸಿ, ಹಸಿ ಸೀರೆಯಲ್ಲೇ ಅಡುಗೆ ಮಾಡಿದರು. ಬಸುರಿಯಾದ ನಾನು ಮುನಿಗಳಿಗೆ ಬಡಿಸುವಂತಿಲ್ಲ. ಒಳಗಿನ ಬಾಗಿಲ ಸಂದಿಯಲ್ಲಿ ಕೂತೆ.

ಮುನಿಗಳು ಬಂದರು. ವಯಸ್ಸಾದವರು, ಮೈಯೆಲ್ಲ ದಾರಿಯ ಧೂಳು. ಎಡಗೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು; ಬಲಗೈ ಮಡಚಿ ಹೆಗಲ ಮೇಲೆ. ಹಿಂದೆ ಊರಿನ ನಾಲ್ಕು ಜನ. ಉಳಿದ ಬಾಗಿಲುಗಳನ್ನೆಲ್ಲ ದಾಟಿ ಬಂದು ನಮ್ಮ ಎಲುಬಿನ ಮನೆಯ ಮುಂದೆ ನಿಂತರು! ಅತ್ತೆ ಕಲಶ ಎತ್ತಿ ಹಿಡಿದರು. "ಸ್ವಾಮಿ ನಮೋಸ್ತು, ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ, ತಿಷ್ಠ." ಪ್ರದಕ್ಷಿಣೆ ಹಾಕಿ ಒಳಗೆ ಕರೆತಂದರು, ಪಾದ ತೊಳೆದರು. ನಾನು ಸಂದಿಯಿಂದಲೇ ಸಂತೋಷದಿಂದ ಕೈ ಮುಗಿದೆ. ಮರುಕ್ಷಣವೇ ಅತ್ತೆ ಆ ಮಾತು ಶುರು ಮಾಡಿದರು.

"ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ..."

ಗೋಡೆಯಾಚೆ ಅದು ಇದೆ. ಹತ್ತಿಯ ಮೇಲೆ ಮಲಗಿದೆ. ಒಂದೇ ಹೆಂಚಿನ ಕೆಳಗೆ ಇದೆ. ನನ್ನ ಮಗು ಉಳಿಯಲೆಂದು ಅತ್ತೆ ಮುನಿಗಳ ಮುಂದೆ ಸುಳ್ಳು ಹೇಳುತ್ತಿದ್ದಾರೆ. ಆ ಸುಳ್ಳಿನ ಅನ್ನ ಅವರ ಬೊಗಸೆಗೆ ಬಿದ್ದರೆ ಅದರ ಪಾಪ ಯಾರ ತಲೆಯ ಮೇಲೆ? ಹೊಟ್ಟೆಯೊಳಗೆ ಇರುವುದರ ಮೇಲೆ! ಬೆಳಗಿನಿಂದ ಅದು ಒಮ್ಮೆಯೂ ಅಲ್ಲಾಡಿರಲಿಲ್ಲ. ನಾನು ಯೋಚನೆ ಮಾಡಿ ಎದ್ದವಳಲ್ಲ. ಚೌಕಟ್ಟು ಹಿಡಿದು ಎದ್ದು ನಿಂತು ಹೇಳಿಯೇಬಿಟ್ಟೆ.

"ಸ್ವಾಮಿ, ಉಣಬ್ಯಾಡ್ರಿ. ಈ ಗ್ವಾಡಿ ಆಚೆ ಎಲುಬು ಐತ್ರಿ. ಸಣ್ಣ ಕೂಸಿನ ಎಲುಬು."

ಅಳುತ್ತಿದ್ದೆ ಬೇರೆ. ಒಂದೇ ಬಾಯಲ್ಲಿ ಎಲ್ಲ ಅಂತರಾಯಗಳನ್ನೂ ಮಾಡಿಬಿಟ್ಟಿದ್ದೆ.

ಮುನಿಗಳು ನನ್ನತ್ತ ನೋಡಲಿಲ್ಲ. ಕೈ ಇಳಿಸಿದರು. ಹೊಸ್ತಿಲಿಗೆ ಬಂದು, ಪಿಂಛಿಯನ್ನು ಒಮ್ಮೆ ಮೆಲ್ಲಗೆ ಆಡಿಸಿ, ಇಳಿದು ಹೊರಟುಹೋದರು. ಅದು ನನಗೆ ಆಶೀರ್ವಾದ ಎಂದು ಅತ್ತೆ ಸಾಯುವವರೆಗೆ ವಾದ ಮಾಡಿದರು. ಹೊಸ್ತಿಲ ಮೇಲೆ ಇರುವೆ ಇದ್ದವು, ತುಳಿಯಬಾರದೆಂದು ಸರಿಸಿದರು ಎಂದು ನನ್ನ ವಾದ. ಬಿಸಿಲಲ್ಲಿ ಆ ಬರಿಮೈ ಮುದುಕರು ಹಸಿದುಕೊಂಡು ಬೆಳಗಾವಿಯ ದಾರಿ ಹಿಡಿದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಆದರೂ ಇವತ್ತಿಗೂ ಕೇಳಿದರೆ, ನಾನು ಮತ್ತೆ ಹಾಗೇ ಹೇಳುತ್ತಿದ್ದೆ.

ಜನ ಕರಗಿದ ಮೇಲೆ ಅತ್ತೆ ನೆಲಕ್ಕೆ ಕುಸಿದರು. "ಏನ ಮಾಡಿದೆಲೇ ಸುಮತಿ, ಏನ ಮಾಡಿದಿ! ಅದು ಇಲ್ಲೆ ಎಲ್ಲೈತಿ? ಇವ ಜಳಕಕ್ಕ ಹೋದಾಗ ಕೀಲಿ ತಗೊಂಡು, ಅದನ್ನ ಗಂಗವ್ವನ ಕೈಯಾಗ ಕೊಟ್ಟು ಬಂದೇನಿ! ಒಂದ ದಿನ ಇಟಗೊ ಅಂತ ಹೇಳಿ, ಮೈ ತೊಳಕೊಂಡು ಅಡಗಿಗೆ ಕುಂತೇನಿ. ಈ ಮನಿ ಶುದ್ಧ ಇತ್ತಲೇ, ಶುದ್ಧ ಇತ್ತು!"

ನಮ್ಮವರು ಒಂದೇ ಓಟಕ್ಕೆ ಆಚೆ ಹೋಗಿ ಬೀಗ ತೆಗೆದು ನೋಡಿದರು. ಹತ್ತಿ ಇತ್ತು, ಹತ್ತಿಯ ಮೇಲೆ ತಗ್ಗು ಇತ್ತು, ದವಡೆ ಇರಲಿಲ್ಲ. "ಅವ್ವಾ, ಸಾಹೇಬ ಬರಾಂವ ಇದ್ದಾನ. ನನ್ನ ಕೈಗೆ ಬೇಡಿ ಹಾಕಸ್ತಾನ," ಎಂದರು. ಆಗ ಮೂವರೂ ಏಕಕಾಲಕ್ಕೆ ಕಿಟಕಿಯಾಚೆ ನೋಡಿದೆವು. ಕುಂಬಾರರ ಅಂಗಳದಿಂದ ಹೊಗೆ ಏಳುತ್ತಿತ್ತು. ಗಡಿಗೆ ಸುಡುವ ಆವಿಗೆ, ಮಳೆಗೆ ಮುಂಚಿನ ಕಡೆಯದು, ಅವತ್ತೇ ಉರಿ ಹಾಕಿದ್ದರು.

"ಎದರಾಗ ಇಟ್ಟಳವ್ವಾ ಅದನ್ನ?"

"ಗಡಗಿ ಒಳಗ," ಎಂದರು ಅತ್ತೆ.

ಬಿದ್ದುಕೊಂಡಿರು ಎಂದು ಸೂಲಗಿತ್ತಿಯಿಂದ ಹೇಳಿಸಿಕೊಂಡಿದ್ದವಳು, ಹೊಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಅವರ ಹಿಂದೆ ಹೊರಟೆ. ಹೋಗದೆ ಇರಲಾಗಲಿಲ್ಲ. ಗೋಡೆಯಾಚೆ ಸುಮ್ಮನೆ ಕೂತಿದ್ದ ಮಗುವನ್ನು ನನ್ನ ಸಲುವಾಗಿ ಬೆಂಕಿಗೆ ಹಾಕಿದ್ದಾರೆ, ಇನ್ನು ಅದು ನನ್ನನ್ನು ಬಿಡುತ್ತದೆಯೇ? ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟಿತ್ತು, ಗಾಳಿಗೆ ಆವಿಗೆಯ ಹೊಗೆ ನಮ್ಮ ಮೇಲೆಯೇ ಬರುತ್ತಿತ್ತು. ಕೆಮ್ಮುತ್ತ, ಅಳುತ್ತ, ಒಂದೊಂದೇ ಹೆಜ್ಜೆ ಇಡುತ್ತ ಹೋದೆ.

ಗಂಗವ್ವ ಬೇಲಿಯ ಹತ್ತಿರ ಬೇವಿನ ಗಿಡದ ಬುಡದಲ್ಲಿ ಕೂತು ಕೈ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಹೌಹಾರಿ ಎದ್ದಳು. "ಅಗಬಾಯಿ! ನೀ ಯಾಕ ಎದ್ದು ಬಂದಿ?"

"ಗಂಗವ್ವಾ, ಆ ಗಂಟು ಎಲ್ಲಿ? ಆವಿಗ್ಯಾಗ ಹೋತೇನು?" ಅತ್ತೆ ಅವಳ ಭುಜ ಹಿಡಿದು ಅಲ್ಲಾಡಿಸಿದರು.

"ಛೀ ಛೀ! ಕೂಸನ್ನ ಯಾರರ ಸುಡತಾರೇನು? ಮಣ್ಣ ಮಾಡೇನಿ." ಬೇವಿನ ಬುಡ ತೋರಿಸಿದಳು. ಆಮೇಲೆ ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ದನಿ ತಗ್ಗಿಸಿ ಹೇಳಿದಳು: "ಸಿಟ್ಟಾಗಬ್ಯಾಡ ಆಯಿ. ನೀ ಅಳಕೋತ ಕೊಟ್ಟಾಗ ನನಗ ತಿಳೀತು. ಬಿಚ್ಚಬ್ಯಾಡ ಅಂದಿದ್ದಿ, ಬಿಚ್ಚಿ ನೋಡಿದೆ. ಎಷ್ಟ ವರ್ಷಾತು ಆಯಿ, ನಿನ್ನ ಮಗಳು ಹೋಗಿ? ಹಿಂಗ ಕುಂಚಿಗ್ಯಾಗ ಸುತ್ತಿ ಮನ್ಯಾಗ ಇಟಗೊಂಡ್ರ ಸೊಸಿ ಬಸರು ಹ್ಯಾಂಗ ನಿಂದರಬೇಕು? ಸತ್ತ ಕೂಸು ಹುಟ್ಟೂ ಕೂಸಿನ್ನ ಕರೀತೈತಿ. ಅದಕ್ಕ ಹಾಲು ಎರದು ಮಲಗಿಸೇನಿ. ಇನ್ನ ಯಾರನ್ನೂ ಕರಿಯೂದಿಲ್ಲ."

ಎಲುಬಿನ ಮನೆಯ ಒಳಗೆ ಗಂಗವ್ವ ಎಂದೂ ಕಾಲಿಟ್ಟವಳಲ್ಲ. ಅಲ್ಲಿ ಇರುವವು ಆಳೆತ್ತರದ ರಾಕ್ಷಸರ ಎಲುಬು ಎಂದೇ ನಂಬಿದ್ದಳು. ಇಷ್ಟು ಚಿಕ್ಕ ದವಡೆ ಅಲ್ಲಿಯದು ಎಂದು ಅವಳಿಗೆ ಹೇಗೆ ಹೊಳೆಯಬೇಕು? ಅತ್ತೆ ಅದನ್ನು ಸುತ್ತಲು ಕೈಗೆ ಸಿಕ್ಕ ಮೆತ್ತನೆಯ ಬಟ್ಟೆ ತೆಗೆದುಕೊಂಡಿದ್ದರು. ಅದು ಎರಡನೆಯ ಕೂಸಿಗೆಂದು ನನ್ನ ತಾಯಿ ಶಹಾಪುರದ ಬಟ್ಟೆಯಲ್ಲಿ ಹೊಲಿಸಿದ್ದ, ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗೆ. ಆ ಕೂಸು ತೊಡದೇ ಹೋದದ್ದು.

"ಅದು ನನ್ನ ಮಗಳಲ್ಲ ಗಂಗವ್ವಾ," ಎಂದರು ಅತ್ತೆ.

ನಮ್ಮವರು ಮುಂದೆ ಬಂದರು. "ಅದು ನಮ್ಮದಲ್ಲವ್ವಾ, ಸಾಹೇಬಂದು. ಗುಂಡ್ಯಾಗ ಸಿಕ್ಕದ್ದು. ತಗದು ಕೊಡು, ನಿನ್ನ ಕಾಲಿಗೆ ಬೀಳತೇನಿ."

ಗಂಗವ್ವ ಅಡ್ಡ ನಿಂತಳು. "ಸಾಹೇಬನ ಕೂಸೇನು?"

"ಅಲ್ಲ."

"ನಿಮ್ಮದೂ ಅಲ್ಲ, ಸಾಹೇಬಂದೂ ಅಲ್ಲ. ಯಾರದರ ಹೌದಲ್ಲ? ಯಾವಾಕಿನರ ಹಡದಿರಬೇಕಲ್ಲ ಅದನ್ನ? ಹೂತದ್ದನ್ನ ತಗಿಯೂದಿಲ್ಲ ನಾ. ನೀವು ತಗೀರಿ, ಧೈರ್ಯ ಇದ್ರ."

ಇವರು ಕೈ ಮುಂದೆ ಮಾಡಿ ಹಿಂದೆ ತೆಗೆದರು. ಇಷ್ಟು ತಿಂಗಳು ಅದಕ್ಕೆ ಅರಗು ಹಚ್ಚಿದ ಕೈ, ಕಲ್ಲು ಕಲ್ಲು ಎಂದ ಬಾಯಿ. ಹೂತ ಮೇಲೆ ಅವರಿಗೂ ಅದು ಕಲ್ಲಾಗಿ ಉಳಿಯಲಿಲ್ಲ. ದೂರದಲ್ಲಿ ರೈಲಿನ ಸಿಳ್ಳು ಕೇಳಿತು. ಅತ್ತೆ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದರು.

ನಾನು ಕೂತೆ. ಹೊಟ್ಟೆ ಮಡಚುವುದಿಲ್ಲ, ಕಾಲು ಚಾಚಿಕೊಂಡೇ ಕೂತೆ. ಮಣ್ಣು ಹಾಲಿನಿಂದ ಇನ್ನೂ ಒದ್ದೆ ಇತ್ತು. ಮೇಲೆ ಬೇವಿನ ಎಲೆ, ಅರಿಶಿನ. ನನ್ನ ಎರಡನ್ನೂ ಯಾರಾದರೂ ಹೀಗೇ ಮಲಗಿಸಿರಬಹುದು, ಹಾಲೆರೆದಿರಬಹುದು ಎಂದು ಆ ಮಣ್ಣು ಮುಟ್ಟಿದಾಗ ಮೊದಲ ಸಲ ಅನ್ನಿಸಿತು. ಗೋರುವಾಗ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಧೈರ್ಯ ಬಂದಿತ್ತು ಎಂದು ಹೇಳಿದರೆ ಸುಳ್ಳು. ಗಡಿಗೆಯ ಬಾಯಿ ಸಿಕ್ಕಿತು, ಕುಂಚಿಗೆ ಸಿಕ್ಕಿತು. ಮಡಿಲಲ್ಲಿ ಇಟ್ಟುಕೊಂಡು ಬಿಚ್ಚಿದೆ. ದವಡೆಯ ಮೇಲೆ ಹಾಲಿನ ಹನಿಗಳು. ಇಣುಕುತ್ತಿದ್ದ ಆ ಹೊಸ ಹಲ್ಲಿನ ಸಂದಿಯಲ್ಲಿ ಅರಿಶಿನ.

ಆಗ ಹೊಟ್ಟೆಯೊಳಗಿನದು ಒದ್ದಿತು. ಬೆಳಗಿನಿಂದ ಸುಮ್ಮನಿದ್ದದ್ದು, ಪಕ್ಕೆ ಮುರಿಯುವಂತೆ ಒದ್ದಿತು. ಸಂತೋಷಕ್ಕೋ, ಹೆದರಿಕೆಗೋ, ನನಗೆ ಇಂದಿಗೂ ತಿಳಿಯದು. "ಅವ್ವಾ," ಎಂದೆ. ಯಾರನ್ನು ಕರೆದೆನೋ. ಗಂಗವ್ವ ಬಂದು ನನ್ನ ಬೆನ್ನಿಗೆ ಆತುಕೊಂಡು ಕೂತಳು.

ಅದನ್ನು ನಮ್ಮವರ ಕೈಗೆ ಕೊಡಲಿಲ್ಲ. ಕುಂಚಿಗೆಯಲ್ಲೇ ಸುತ್ತಿ, ಎದೆಗೆ ಅವಚಿಕೊಂಡು, ನಾನೇ ತಂದು, ಕುಂಚಿಗೆ ಬಿಚ್ಚಿ ಹತ್ತಿಯ ಮೇಲೆ ಮಲಗಿಸಿದೆ. ಮಕ್ಕಳನ್ನು ಮಲಗಿಸುವ ಹಾಗೆ, ಮೊದಲು ದವಡೆಯ ಹಿಂಭಾಗ ಇಳಿಸಿ, ಆಮೇಲೆ ಮುಂಭಾಗ. ಸಾಹೇಬರು ಬಂದರು, ಮುಂಬಯಿಯವರು ಭೂತಗನ್ನಡಿ ಹಿಡಿದು ನೋಡಿದರು. ಹಲ್ಲಿನ ಸಂದಿಯ ಹಳದಿ ನದಿಯ ಗರಸಿನದು ಎಂದು ಮಾತಾಡಿಕೊಂಡರಂತೆ. ಅವರು ಹೋಗುವುದಕ್ಕೂ ಮಳೆ ಕವುಚುವುದಕ್ಕೂ ಸರಿಹೋಯಿತು.

ಮಳೆ ಹಿಡಿದದ್ದು ಬಿಡಲಿಲ್ಲ. ಆ ಮಳೆಯಲ್ಲೇ, ಆ ಗೋಡೆಯ ಈಚೆಗೇ, ಗಂಗವ್ವನ ಕೈಯಲ್ಲೇ ನನ್ನ ಮಗಳು ಹುಟ್ಟಿದಳು. ಅತ್ತಳು. ಅವಳು ಅತ್ತಾಗ ಅತ್ತೆಯೂ ಅತ್ತರು. ನಾನು ಅಳಲಿಲ್ಲ, ಗೋಡೆಯ ಮೇಲಿನ ಸಂದಿಯನ್ನೇ ನೋಡುತ್ತಿದ್ದೆ.

ಮುಂದಿನ ವರ್ಷ ಸಾಹೇಬರಿಗೆ ಜಡ್ಡು ಬಂದು ಊರಿಗೆ ಹೊರಟರು. ಕಲ್ಲುಗಳನ್ನೂ ದವಡೆಯನ್ನೂ ಪೆಟ್ಟಿಗೆ ಕಟ್ಟಿ ಹಡಗಿಗೆ ಹಾಕಿದರು. ಗೋದಾಮು ಮತ್ತೆ ಗೋದಾಮಾಯಿತು, ನಾವು ಬೆಳಗಾವಿಗೆ ಬಂದೆವು, ಇವರು ಮತ್ತೆ ಅಂಗಡಿಯ ಕಿಟಕಿಯಾಚೆ ನೋಡತೊಡಗಿದರು. ಜನರೆಲ್ಲ ನಿಶ್ಚಿಂತೆ. ನನ್ನ ಹೆದರಿಕೆ ಹಡಗು ಹತ್ತಲಿಲ್ಲ. ಮಗಳಿಗೆ ಹಲ್ಲು ಬಂದಾಗ ಹೆದರಿದೆ. ಜ್ವರ ಬಂದರೆ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದೆ. ಆ ಮಗು ಎಲ್ಲಿಯವರೆಗೆ ಬಂದು ನಿಂತಿತೋ ಅಲ್ಲಿಯವರೆಗೆ ಇವಳನ್ನು ನಡೆಸಿಕೊಂಡು ಹೋಗಿ ದಾಟಿಸಬೇಕು, ಅಷ್ಟೇ ನನ್ನ ಲೆಕ್ಕ. ಓರಗೆಯ ಮಕ್ಕಳ ಹಲ್ಲು ಬಿದ್ದವು, ಇವಳದು ಬೀಳಲೊಲ್ಲದು. ಕೆಳಗೆ ಹೊಸದು ಇಣುಕಿತು, ಥೇಟ್ ಹಾಗೆಯೇ. ಆ ದಿನಗಳಲ್ಲಿ ನಾನು ಅನ್ನ ಉಂಡೆನೋ ಮಣ್ಣು ಉಂಡೆನೋ ನೆನಪಿಲ್ಲ.

ಒಂದು ಬೆಳಗ್ಗೆ ರೊಟ್ಟಿ ಕಡಿಯುತ್ತಿದ್ದವಳು, "ಅವ್ವಾ, ನೋಡು," ಎಂದು ಅಂಗೈ ಚಾಚಿದಳು. ಓಣಿಯ ಮಕ್ಕಳೆಲ್ಲ ಬಿದ್ದ ಹಲ್ಲನ್ನು ಹೆಂಚಿನ ಮೇಲೆ ಎಸೆಯುತ್ತಿದ್ದರು. ನಾನು ಎಸೆಯಗೊಡಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು, ಅವಳ ಕೈ ಹಿಡಿದು, ಅವತ್ತೇ ರೈಲು ಹತ್ತಿ ಖಾನಾಪುರಕ್ಕೆ ಹೋದೆ.

ಗಂಗವ್ವನ ತಲೆ ಬೆಳ್ಳಗಾಗಿತ್ತು. ಬೇವಿನ ಗಿಡ ಇತ್ತು. ಅದರ ಬುಡದಲ್ಲಿ ಕೂತು ಮಣ್ಣು ಗೋರಿ ಹಲ್ಲನ್ನು ಇಟ್ಟೆ. ಗಂಗವ್ವ ನೋಡಿ, ಒಳಗೆ ಹೋಗಿ, ಬಟ್ಟಲಲ್ಲಿ ಹಾಲು ತಂದಳು.

"ಹಾಲು ಬ್ಯಾಡ ಗಂಗವ್ವಾ. ಇದು ಬದುಕಿದ ಕೂಸಿನ ಹಲ್ಲು," ಎಂದೆ.

"ಇಕಿಗಲ್ಲ," ಎಂದಳು ಗಂಗವ್ವ. "ಅದಕ್ಕ." ಮಣ್ಣಿಗೆ ಹಾಲು ಎರೆದಳು.

ಮಗಳು ನನ್ನ ಸೆರಗು ಜಗ್ಗಿದಳು. "ಯಾರಿಗವ್ವಾ ಹಾಲು?"

"ನಿಮ್ಮ ಅಕ್ಕಗ."

"ಅಕ್ಕನ ಹಲ್ಲೂ ಬಿದ್ದಿದ್ವೇನು?"

"ಇಲ್ಲವ್ವಾ," ಎಂದೆ. "ಬೀಳೂದ್ರಾಗ ಇದ್ವು."